ಗಾಳಿಯಂತ್ರಗಳ ಸದ್ದು: ನೆರೆಯ ನಿವಾಸಿಗಳ ಮೇಲಿನ ಪರಿಣಾಮಗಳು

ನಂದಿನಿ ಲೇಔಟ್‌ನಲ್ಲಿ ಗಾಳಿಯಂತ್ರಗಳಿಲ್ಲ. ಇಲ್ಲಿನ ನಿವಾಸಿಗಳ ನಿದ್ರೆಗೆ ಭಂಗ ತರುವುದು ಹೊರವರ್ತುಲ ರಸ್ತೆಯ ಲಾರಿಗಳು, ಪೀಣ್ಯದ ಕಡೆಯ ಕಾರ್ಖಾನೆಗಳು ಹಾಗೂ ವಿದ್ಯುತ್ ಕಡಿತವಾದಾಗ ಮೊರೆಯತೊಡಗುವ ಜನರೇಟರ್‌ಗಳು. ಆದರೆ ಗೊರಗುಂಟೆಪಾಳ್ಯದಲ್ಲಿ ತುಮಕೂರು ರಸ್ತೆಯನ್ನು ಹಿಡಿದು ಸುಮಾರು 200 ಕಿ.ಮೀ. ಸಾಗಿದರೆ ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ತಿರುಗುವ ಬಿಳಿಯ ರೆಕ್ಕೆಗಳು ಕಣ್ಣಿಗೆ ಬೀಳುತ್ತವೆ. ಅವು ಉತ್ಪಾದಿಸುವ ವಿದ್ಯುತ್ತು ರಾಜ್ಯದ ಜಾಲವನ್ನು ಸೇರಿ ನಮ್ಮ ಮನೆಗಳ ದೀಪಗಳನ್ನೂ ಬೆಳಗುತ್ತದೆ. ಸದ್ದು ಮಾತ್ರ ಅಲ್ಲಿಯೇ ಉಳಿಯುತ್ತದೆ. ಈ ಸದ್ದು ಎಂಥದು, ಅದರಿಂದ ಜನರ ಆರೋಗ್ಯಕ್ಕೆ ಹಾನಿಯಿದೆಯೇ, ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗಳಿಗೆ ಲಭ್ಯವಿರುವ ಉತ್ತರಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಕರ್ನಾಟಕದಲ್ಲಿ ಪವನ ವಿದ್ಯುತ್

ರಾಜ್ಯದಲ್ಲಿ ಪವನ ವಿದ್ಯುತ್ತಿನ ಆರಂಭ ಸಣ್ಣ ಯಂತ್ರಗಳಿಂದಾಯಿತು. ಕರ್ನಾಟಕ ವಿದ್ಯುತ್ ನಿಗಮವು ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಸ್ಥಾಪಿಸಿದ ಯಂತ್ರಗಳ ಸಾಮರ್ಥ್ಯ ತಲಾ ಕೆಲವು ನೂರು ಕಿಲೋವ್ಯಾಟ್‌ಗಳನ್ನು ಮೀರಿರಲಿಲ್ಲ. 1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ ಸ್ಥಾಪನೆಯಾದ ನಂತರ, ಮುಖ್ಯವಾಗಿ 2000ದ ದಶಕದಲ್ಲಿ, ಖಾಸಗಿ ಬಂಡವಾಳ ಈ ಕ್ಷೇತ್ರಕ್ಕೆ ಹರಿದುಬಂತು. ಚಿತ್ರದುರ್ಗ, ಗದಗ, ದಾವಣಗೆರೆ, ಬಳ್ಳಾರಿ, ಕೊಪ್ಪಳ, ಬೆಳಗಾವಿ, ವಿಜಯಪುರ ಮತ್ತು ಹಾಸನ ಜಿಲ್ಲೆಗಳಲ್ಲಿ ಗಾಳಿಯಂತ್ರಗಳು ತಲೆಯೆತ್ತಿದವು. 2024ರ ಮಾರ್ಚ್ ಅಂತ್ಯಕ್ಕೆ ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ 6,000 ಮೆಗಾವ್ಯಾಟ್ ಗಡಿಯನ್ನು ದಾಟಿತ್ತು. ಗುಜರಾತ್ ಮತ್ತು ತಮಿಳುನಾಡುಗಳ ನಂತರದ ಸ್ಥಾನ ಆಗ ಕರ್ನಾಟಕದ್ದಾಗಿತ್ತು.

ಮೊದಲ ತಲೆಮಾರಿನ ಯಂತ್ರಗಳು ಬಹುಪಾಲು ಗುಡ್ಡಗಳ ನೆತ್ತಿಯ ಮೇಲಿದ್ದವು. ಊರುಗಳು ಕೆಳಗೆ, ದೂರದಲ್ಲಿದ್ದವು. ಗಾಳಿಯ ವೇಗ ಕಡಿಮೆಯಿರುವ ಕಡೆಯೂ ಕೆಲಸ ಮಾಡಬಲ್ಲ, 100 ಮೀಟರಿಗಿಂತ ಎತ್ತರದ ಗೋಪುರದ ದೊಡ್ಡ ಯಂತ್ರಗಳು ಬಂದ ಮೇಲೆ ಬಯಲುಸೀಮೆಯ ಎರೆಹೊಲಗಳೂ ಪವನ ವಿದ್ಯುತ್ತಿಗೆ ಯೋಗ್ಯವೆನಿಸಿದವು. ಗುಡ್ಡದ ಮೇಲಿದ್ದ ಯಂತ್ರ ಹೊಲಕ್ಕೆ ಇಳಿದು ಬಂದಂತೆ ಮನೆಗೂ ಯಂತ್ರಕ್ಕೂ ನಡುವಿನ ಅಂತರ ಕುಗ್ಗಿತು. ಸದ್ದಿನ ಪ್ರಶ್ನೆ ಮಹತ್ವ ಪಡೆದುಕೊಂಡದ್ದು ಈ ಕಾರಣದಿಂದ.

ಸದ್ದು ಹುಟ್ಟುವ ಬಗೆ

ಗಾಳಿಯಂತ್ರದ ಸದ್ದಿಗೆ ಎರಡು ಮೂಲಗಳಿವೆ. ಮೊದಲನೆಯದು ಯಾಂತ್ರಿಕ ಸದ್ದು. ಗೋಪುರದ ತುದಿಯಲ್ಲಿರುವ ಪೆಟ್ಟಿಗೆಯೊಳಗಿನ ಗೇರ್‌ಬಾಕ್ಸ್, ಜನರೇಟರ್, ತಂಪುಗೊಳಿಸುವ ಫ್ಯಾನುಗಳು ಹಾಗೂ ಗಾಳಿಯ ದಿಕ್ಕಿಗೆ ಯಂತ್ರವನ್ನು ಹೊರಳಿಸುವ ಮೋಟಾರುಗಳಿಂದ ಇದು ಹೊರಡುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಹೆಚ್ಚು. ಗೇರುಗಳು ಸವೆದಾಗ ಒಂದೇ ಸ್ವರದ ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತದೆ. ಹೊಸ ಯಂತ್ರಗಳಲ್ಲಿ ಇದನ್ನು ಬಹುಮಟ್ಟಿಗೆ ಹತೋಟಿಗೆ ತರಲಾಗಿದೆ.

ಎರಡನೆಯದು ರೆಕ್ಕೆಗಳು ಗಾಳಿಯನ್ನು ಸೀಳುವಾಗ ಹುಟ್ಟುವ ಸದ್ದು. ನೋಡುವವರಿಗೆ ರೆಕ್ಕೆಗಳು ಸಾವಕಾಶವಾಗಿ ತಿರುಗುವಂತೆ ಕಂಡರೂ ಅವುಗಳ ತುದಿ ಸೆಕೆಂಡಿಗೆ 70ರಿಂದ 80 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 250 ಕಿ.ಮೀ. ಮೀರಿದ ವೇಗದಲ್ಲಿ ಚಲಿಸುತ್ತಿರುತ್ತದೆ. ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಗಾಳಿಯು ಸುಳಿಸುಳಿಯಾಗಿ ಒಡೆಯುವುದೇ ಸದ್ದಿನ ಮುಖ್ಯ ಕಾರಣ. ಮೂರು ರೆಕ್ಕೆಗಳ ಯಂತ್ರವೊಂದು ನಿಮಿಷಕ್ಕೆ 15 ಸುತ್ತು ಸುತ್ತಿದರೆ ನಿಮಿಷಕ್ಕೆ 45 ಬಾರಿ ಒಂದೊಂದು ರೆಕ್ಕೆ ಹಾದುಹೋಗುತ್ತದೆ. ಆದ್ದರಿಂದ ಸದ್ದು ಒಂದೇ ಸಮನಾಗಿರದೆ, ಸುಮಾರು ಒಂದು ಸೆಕೆಂಡಿಗೊಮ್ಮೆ ಏರಿ ಇಳಿಯುವ 'ಹುಷ್, ಹುಷ್' ಎಂಬ ಲಯವನ್ನು ಪಡೆಯುತ್ತದೆ. ಫ್ಯಾನಿನ ನಿರಂತರ ಸದ್ದಿಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ತೊಟ್ಟಿಕ್ಕುವ ನಲ್ಲಿಯ ಸದ್ದಿಗೆ ಹೊಂದಿಕೊಳ್ಳುವುದಿಲ್ಲ. ಗಾಳಿಯಂತ್ರದ ಸದ್ದು ಈ ಎರಡನೆಯ ಜಾತಿಗೆ ಸೇರಿದ್ದು. ಅದರ ಪ್ರಮಾಣಕ್ಕಿಂತ ಲಯವೇ ಹೆಚ್ಚು ಕಾಡುತ್ತದೆಂಬುದು ಸಂಶೋಧಕರ ಸಾಮಾನ್ಯ ಅಭಿಪ್ರಾಯವಾಗಿದೆ.

ದೂರ ಮತ್ತು ಡೆಸಿಬಲ್

ಸದ್ದನ್ನು ಅಳೆಯುವ ಮಾನ ಡೆಸಿಬಲ್. ಇದು ಸಾಮಾನ್ಯ ಅಳತೆಗೋಲಿನಂತಲ್ಲ. ಸದ್ದಿನ ಶಕ್ತಿ ಇಮ್ಮಡಿಯಾದರೆ ಡೆಸಿಬಲ್ 3ರಷ್ಟು ಮಾತ್ರ ಏರುತ್ತದೆ; 10 ಡೆಸಿಬಲ್ ಏರಿದಾಗ ಕಿವಿಗೆ ಸದ್ದು ಸುಮಾರಾಗಿ ಇಮ್ಮಡಿಯಾದಂತೆ ಭಾಸವಾಗುತ್ತದೆ. ಬಯಲಿನಲ್ಲಿ ಒಂದು ಯಂತ್ರದಿಂದ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ.

ಇಂದಿನ ದೊಡ್ಡ ಯಂತ್ರವೊಂದು ಪೂರ್ಣ ವೇಗದಲ್ಲಿ ಹೊರಸೂಸುವ ಒಟ್ಟು ಶಬ್ದಶಕ್ತಿ ಸುಮಾರು 105 ಡೆಸಿಬಲ್ ಎಂದಿಟ್ಟುಕೊಳ್ಳೋಣ. ನೆಲದಿಂದ ಪ್ರತಿಫಲಿಸುವ ಸದ್ದನ್ನೂ ಸೇರಿಸಿ ಸರಳ ಲೆಕ್ಕ ಹಾಕಿದರೆ 250 ಮೀಟರ್ ದೂರದಲ್ಲಿ ಸುಮಾರು 49, 500 ಮೀಟರ್ ದೂರದಲ್ಲಿ ಸುಮಾರು 43, ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 37 ಡೆಸಿಬಲ್ ಸದ್ದು ತಲುಪುತ್ತದೆ. ದೂರ ಹೆಚ್ಚಿದಂತೆ ಗಾಳಿಯೇ ಸದ್ದನ್ನು ಹೀರಿಕೊಳ್ಳುವುದರಿಂದ ವಾಸ್ತವದ ಅಂಕಿ ಇದಕ್ಕಿಂತ ತುಸು ಕಡಿಮೆಯಿರಬಹುದು. ಆದರೆ ಯಂತ್ರಗಳು ಒಂಟಿಯಾಗಿರುವುದು ಅಪರೂಪ. ಒಂದೇ ದೂರದಲ್ಲಿ ಎರಡು ಯಂತ್ರಗಳಿದ್ದರೆ 3 ಡೆಸಿಬಲ್, ನಾಲ್ಕಿದ್ದರೆ 6 ಡೆಸಿಬಲ್ ಹೆಚ್ಚು ಸೇರುತ್ತದೆ.

ಹೋಲಿಕೆಗಾಗಿ ನಮ್ಮ ಬಡಾವಣೆಯ ಉದಾಹರಣೆಯನ್ನು ಗಮನಿಸಬಹುದು. 2005ರಿಂದ ಈಚೆಗೆ ತಯಾರಾದ, 1,000 ಕೆವಿಎವರೆಗಿನ ಡೀಸೆಲ್ ಜನರೇಟರ್‌ನಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಿದ ಸದ್ದು ಬರಬಾರದೆಂಬ ನಿಯಮವನ್ನು ವಿಧಿಸಲಾಗಿತ್ತು. ಈ ಮಿತಿಯೊಳಗಿರುವ ಜನರೇಟರ್ ಕೂಡ ಹತ್ತು ಮೀಟರ್ ಆಚೆಯ ಕಿಟಕಿಗೆ 55 ಡೆಸಿಬಲ್ ಆಸುಪಾಸಿನ ಸದ್ದನ್ನು ತಲುಪಿಸುತ್ತದೆ. ಹೊರವರ್ತುಲ ರಸ್ತೆಯ ಬದಿಯಲ್ಲಿ 70 ಡೆಸಿಬಲ್ ದಾಟುವುದು ವಿಶೇಷವೇನಲ್ಲ. ಹೀಗಿರುವಾಗ 43 ಡೆಸಿಬಲ್ ಸದ್ದಿಗೆ ಹಳ್ಳಿಯವರು ದೂರುವುದೇಕೆ ಎಂದು ನಗರವಾಸಿಗೆ ಅನಿಸುವುದು ಸಹಜ.

ಉತ್ತರ ಹಿನ್ನೆಲೆಯ ನಿಶ್ಶಬ್ದದಲ್ಲಿದೆ. ನಗರದ ಇರುಳಿನಲ್ಲಿ 43 ಡೆಸಿಬಲ್ ಸದ್ದು ಇತರ ಸದ್ದುಗಳಲ್ಲಿ ಮುಳುಗಿಹೋಗುತ್ತದೆ. ಹಿನ್ನೆಲೆಯ ಸದ್ದು 25ರಿಂದ 30 ಡೆಸಿಬಲ್‌ಗೆ ಇಳಿಯುವ ಹಳ್ಳಿಯ ಇರುಳಿನಲ್ಲಿ ಅದೇ ಸದ್ದು ಎದ್ದು ಕೇಳಿಸುತ್ತದೆ. ಇದರ ಜೊತೆಗೆ ಮತ್ತೊಂದು ಸಂಗತಿಯಿದೆ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ, ನೆಲದ ಮಟ್ಟದ ಗಾಳಿ ನಿಂತುಹೋದರೂ ನೂರು ಮೀಟರ್ ಎತ್ತರದಲ್ಲಿ ಗಾಳಿ ಬಲವಾಗಿಯೇ ಬೀಸುತ್ತಿರಬಹುದು. ಆಗ ಮರದೆಲೆಗಳ ಮರ್ಮರವೂ ಇರುವುದಿಲ್ಲ, ಯಂತ್ರವೋ ಪೂರ್ಣ ವೇಗದಲ್ಲಿ ತಿರುಗುತ್ತಿರುತ್ತದೆ. ನೆದರ್‌ಲ್ಯಾಂಡ್ಸ್‌ನ ಭೌತವಿಜ್ಞಾನಿ ವಾನ್ ಡೆನ್ ಬರ್ಗ್ ಅವರು ಜರ್ಮನಿಯ ಗಡಿಯಲ್ಲಿರುವ ರೇಡೆ ಎಂಬಲ್ಲಿನ ಯಂತ್ರಗಳ ಬಳಿ ಅಳತೆಗಳನ್ನು ನಡೆಸಿ, ಇರುಳಿನ ಸದ್ದು ಯೋಜನೆಯ ಕಾಲದಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಗಣನೀಯವಾಗಿ ಹೆಚ್ಚಿರುವುದನ್ನು 2004ರಲ್ಲಿ ಪ್ರಕಟಿಸಿದರು. ಹಗಲಿನಲ್ಲಿ ಬಂದು ಅಳತೆ ಮಾಡಿ ಹೋದವರಿಗೆ ಇರುಳಿನ ಸತ್ಯ ತಿಳಿಯದೆಂಬುದು ಇದರ ತಾತ್ಪರ್ಯ.

ಕರ್ನಾಟಕದ ಸಂದರ್ಭದಲ್ಲಿ ಇನ್ನೂ ಕೆಲವು ಅಂಶಗಳನ್ನು ಗಣಿಸಬೇಕಾಗುತ್ತದೆ. ಇಲ್ಲಿ ಗಾಳಿ ಬಲವಾಗುವುದು ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರಗಳು ಹಗಲಿರುಳು ತಿರುಗುತ್ತವೆ. ಶೀತದೇಶಗಳ ಮನೆಗಳಂತೆ ಎರಡು ಪದರದ ಗಾಜಿನ ಕಿಟಕಿಗಳು ನಮ್ಮ ಹಳ್ಳಿಗಳಲ್ಲಿಲ್ಲ. ಹಂಚಿನ ಅಥವಾ ತಗಡಿನ ಮಾಡು, ತೆರೆದ ಕಿಟಕಿ, ಬೇಸಿಗೆಯಲ್ಲಿ ಜಗಲಿ ಮತ್ತು ಮಾಳಿಗೆಯ ಮೇಲಿನ ಮಲಗುವಿಕೆ, ಬೆಳೆ ಕಾಯಲು ಹೊಲದ ಗುಡಿಸಲಿನಲ್ಲಿ ಕಳೆಯುವ ರಾತ್ರಿಗಳು ನಮ್ಮ ಜೀವನಕ್ರಮದ ಭಾಗವಾಗಿವೆ. ಹೊರಗಿನ ಸದ್ದಿಗೂ ಹಾಸಿಗೆಯ ಬಳಿಯ ಸದ್ದಿಗೂ ಇಲ್ಲಿ ಹೆಚ್ಚಿನ ಅಂತರವಿಲ್ಲ.

ಆರೋಗ್ಯದ ಮೇಲಿನ ಪರಿಣಾಮ

ಈ ವಿಷಯದಲ್ಲಿ ಎರಡು ಅತಿರೇಕದ ವಾದಗಳಿವೆ. ಗಾಳಿಯಂತ್ರದಿಂದ ಹತ್ತಾರು ಬಗೆಯ ಕಾಯಿಲೆಗಳು ಬರುತ್ತವೆ ಎಂಬುದು ಒಂದು. ಅದರಿಂದ ಯಾರಿಗೂ ಯಾವ ತೊಂದರೆಯೂ ಇಲ್ಲ ಎಂಬುದು ಮತ್ತೊಂದು. ಅಧ್ಯಯನಗಳು ಎರಡನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಸ್ವೀಡನ್ನಿನ ಸಂಶೋಧಕಿಯರಾದ ಪೆಡರ್ಸನ್ ಮತ್ತು ಪರ್ಸನ್ ವಾಯೆ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸದ್ದಿನ ಮಟ್ಟ ಏರಿದಂತೆ ಕಿರಿಕಿರಿಗೊಳ್ಳುವವರ ಪ್ರಮಾಣವೂ ಏರುವುದು ಕಂಡುಬಂತು. ಅಷ್ಟೇ ಡೆಸಿಬಲ್‌ನ ವಾಹನಗಳ ಸದ್ದಿಗೆ ಹೋಲಿಸಿದರೆ ಗಾಳಿಯಂತ್ರದ ಸದ್ದು ಹೆಚ್ಚು ಜನರನ್ನು ಕಾಡುತ್ತಿತ್ತು. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ 725 ಮಂದಿಯ ಸಮೀಕ್ಷೆಯೂ ಇದನ್ನೇ ಹೇಳಿತು. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಯಂತ್ರಗಳಿಂದ ಹಣಕಾಸಿನ ಲಾಭ ಪಡೆಯುತ್ತಿದ್ದವರು ಹೆಚ್ಚು ಸದ್ದಿನ ನಡುವೆ ವಾಸಿಸುತ್ತಿದ್ದರೂ ಅವರಲ್ಲಿ ಕಿರಿಕಿರಿ ಅತ್ಯಲ್ಪವಾಗಿತ್ತು. ನಮ್ಮಲ್ಲಿಯೂ ಜಮೀನು ಮಾರಿದ ಅಥವಾ ಗುತ್ತಿಗೆಗೆ ಕೊಟ್ಟ ರೈತನಿಗೆ ಹಣ ದೊರೆಯುತ್ತದೆ. ಪಕ್ಕದ ಹೊಲದವನಿಗೆ ಸದ್ದು ಮಾತ್ರ ದೊರೆಯುತ್ತದೆ. ಈ ಅಸಮಾನತೆಯೇ ಅಸಮಾಧಾನದ ಒಂದು ಬೇರು ಎನ್ನಬಹುದು.

ಕೆನಡಾ ದೇಶದ ಆರೋಗ್ಯ ಇಲಾಖೆ ಒಂಟಾರಿಯೋ ಮತ್ತು ಪ್ರಿನ್ಸ್ ಎಡ್ವರ್ಡ್ ದ್ವೀಪ ಪ್ರಾಂತ್ಯಗಳಲ್ಲಿ 1,238 ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಿ 2014ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು. 46 ಡೆಸಿಬಲ್‌ವರೆಗಿನ ಸದ್ದಿಗೂ ನಿದ್ರೆಯ ಗುಣಮಟ್ಟ, ತಲೆಸುತ್ತು, ಮೈಗ್ರೇನ್, ದೀರ್ಘಕಾಲದ ಕಾಯಿಲೆಗಳಿಗೂ ನೇರ ಸಂಬಂಧ ಕಂಡುಬರಲಿಲ್ಲ. ಆದರೆ ಸದ್ದು ಹೆಚ್ಚಿದಂತೆ ಕಿರಿಕಿರಿ ಹೆಚ್ಚುವುದು ಸ್ಪಷ್ಟವಾಗಿ ಕಂಡುಬಂತು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು, ಗಾಳಿಯಂತ್ರಗಳಿಂದ ಆರೋಗ್ಯಕ್ಕೆ ಹಾನಿಯೆಂಬುದಕ್ಕೆ ಸುಸಂಗತವಾದ ಸಾಕ್ಷ್ಯ ಇಲ್ಲವೆಂದು ಹೇಳಿ, ಸಮೀಪದ ನಿವಾಸಿಗಳ ಕುರಿತು ಉತ್ತಮ ಗುಣಮಟ್ಟದ ಅಧ್ಯಯನಗಳು ಇನ್ನೂ ನಡೆಯಬೇಕೆಂದು ಸೂಚಿಸಿತು.

ಕಿವಿಗೆ ಕೇಳಿಸದಷ್ಟು ತಗ್ಗಿನ ಕಂಪನಾಂಕದ ಶಬ್ದ, ಎಂದರೆ 20 ಹರ್ಟ್ಸ್‌ಗಿಂತ ಕೆಳಗಿನ 'ಅವಶ್ರವ್ಯ' ಶಬ್ದವು ದೇಹವನ್ನು ಒಳಗಿಂದೊಳಗೇ ಕೆಡಿಸುತ್ತದೆಂಬ ಭಯ ವ್ಯಾಪಕವಾಗಿದೆ. 2009ರಲ್ಲಿ ಅಮೆರಿಕದ ವೈದ್ಯೆ ನೀನಾ ಪಿಯರ್‌ಪಾಂಟ್ ಪ್ರಕಟಿಸಿದ ಪುಸ್ತಕವೊಂದು 'ಗಾಳಿಯಂತ್ರ ರೋಗಲಕ್ಷಣ ಕೂಟ' ಎಂಬ ಹೆಸರನ್ನೇ ಚಾಲ್ತಿಗೆ ತಂದಿತು. ಕೆಲವೇ ಕುಟುಂಬಗಳ ಸಂದರ್ಶನವನ್ನು ಆಧರಿಸಿದ ಆ ವಾದವನ್ನು ಮುಂದಿನ ಪ್ರಯೋಗಗಳು ಎತ್ತಿಹಿಡಿಯಲಿಲ್ಲ. ಸಿಡ್ನಿಯ ವುಲ್‌ಕಾಕ್ ಸಂಸ್ಥೆಯ ವಿಜ್ಞಾನಿಗಳು ಸದ್ದಿಗೆ ಸೂಕ್ಷ್ಮವಾಗಿ ಸ್ಪಂದಿಸುವ 37 ಮಂದಿಯನ್ನು 72 ಗಂಟೆಗಳ ಕಾಲ ಇಂತಹ ಅವಶ್ರವ್ಯ ಶಬ್ದದಲ್ಲಿ ಇರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಿದ್ರೆ, ಹೃದಯ ಅಥವಾ ಮನಃಸ್ಥಿತಿಯ ಮೇಲೆ ಅದರಿಂದ ಪರಿಣಾಮವಾಗಲಿಲ್ಲ. ಹಾನಿಯಾಗುವುದೆಂಬ ನಿರೀಕ್ಷೆಯೇ ಕೆಲವು ಲಕ್ಷಣಗಳನ್ನು ಹುಟ್ಟಿಸಬಲ್ಲದೆಂಬುದನ್ನು ನ್ಯೂಜಿಲೆಂಡಿನ ಪ್ರಯೋಗಗಳೂ ತೋರಿಸಿವೆ.

ಆದುದರಿಂದ ಕೇಳಿಸದ ಸದ್ದಿಗೆ ಅಂಜಬೇಕಾಗಿಲ್ಲ. ಕೇಳಿಸುವ ಸದ್ದನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಇರುಳೆಲ್ಲ ಕಾಡುವ ಕಿರಿಕಿರಿ 'ರೋಗ'ವಲ್ಲದಿದ್ದರೂ ನೆಮ್ಮದಿಯ ನಷ್ಟವಂತೂ ಹೌದು. ಬೆಳಗ್ಗೆ ನೇಗಿಲು ಹಿಡಿಯಬೇಕಾದವನಿಗೆ, ಪರೀಕ್ಷೆಗೆ ಓದುವ ಮಗುವಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಆ ನಷ್ಟ ಸಣ್ಣದಲ್ಲ.

ಹೊರದೇಶಗಳ ಮಿತಿಗಳು

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಮೊದಲ ಬಾರಿಗೆ ಗಾಳಿಯಂತ್ರದ ಸದ್ದಿಗೆ ಪ್ರತ್ಯೇಕ ಮಾರ್ಗಸೂಚಿಯನ್ನು ನೀಡಿತು. ಸಂಜೆಯ ಸದ್ದಿಗೆ 5, ಇರುಳಿನ ಸದ್ದಿಗೆ 10 ಡೆಸಿಬಲ್ ಹೆಚ್ಚುವರಿ ತೂಕ ಕೊಟ್ಟು ಲೆಕ್ಕ ಹಾಕುವ ದಿನದ ಸರಾಸರಿ 45 ಡೆಸಿಬಲ್ ಮೀರಬಾರದೆಂಬುದು ಅದರ ಷರತ್ತುಬದ್ಧ ಶಿಫಾರಸು. ಹಗಲಿರುಳು ಒಂದೇ ಸಮನೆ ಬರುವ ಸದ್ದಾದರೆ ಇದು ಸುಮಾರು 39 ಡೆಸಿಬಲ್‌ಗೆ ಸಮ. ರಸ್ತೆಯ ಸದ್ದಿಗೆ ಅದೇ ಸಂಸ್ಥೆ 53 ಡೆಸಿಬಲ್‌ಗಳ ಮಿತಿಯನ್ನು ಸೂಚಿಸಿದೆ ಎಂಬುದನ್ನು ಗಮನಿಸಿದರೆ, ಗಾಳಿಯಂತ್ರದ ಸದ್ದನ್ನು ಎಷ್ಟು ಕಟ್ಟುನಿಟ್ಟಾಗಿ ಅದು ಪರಿಗಣಿಸಿತೆಂಬುದು ತಿಳಿಯುತ್ತದೆ. ಇರುಳಿಗೆಂದೇ ಪ್ರತ್ಯೇಕ ಅಂಕಿಯನ್ನು ನೀಡಲು ಸಾಕಷ್ಟು ಸಾಕ್ಷ್ಯವಿಲ್ಲವೆಂದೂ ಅದು ತಿಳಿಸಿತು.

ಪವನ ವಿದ್ಯುತ್ತಿನ ತವರೆನಿಸಿದ ಡೆನ್ಮಾರ್ಕಿನಲ್ಲಿ, ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್ ಇರುವಾಗ ಬಯಲಿನ ಒಂಟಿ ಮನೆಯ ಬಳಿ 44 ಡೆಸಿಬಲ್, ವಸತಿ ಪ್ರದೇಶದಲ್ಲಿ 39 ಡೆಸಿಬಲ್ ಎಂದು ಮಿತಿಗಳನ್ನು ಗೊತ್ತುಪಡಿಸಲಾಗಿದೆ. 2012ರಿಂದ ಮನೆಯೊಳಗಿನ ತಗ್ಗು ಕಂಪನಾಂಕದ ಸದ್ದಿಗೂ 20 ಡೆಸಿಬಲ್‌ಗಳ ಮಿತಿ ಜಾರಿಗೆ ಬಂತು. ಮನೆಗಳಿಂದ ಯಂತ್ರದ ಒಟ್ಟು ಎತ್ತರದ ನಾಲ್ಕು ಪಟ್ಟು ದೂರವಿರಬೇಕೆಂಬ ನಿಯಮವೂ ಅಲ್ಲಿದೆ.

ನಮ್ಮ ಕಾನೂನು

ಭಾರತದಲ್ಲಿ ಸದ್ದಿನ ನಿಯಂತ್ರಣಕ್ಕೆ ಆಧಾರ 2000ದ ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು. ಅವುಗಳ ಪ್ರಕಾರ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ಇರುಳು. ವಸತಿ ಪ್ರದೇಶದಲ್ಲಿ ಹಗಲು 55, ಇರುಳು 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಈ ಕೋಷ್ಟಕದಲ್ಲಿ ಗಾಳಿಯಂತ್ರಗಳಿಗೆಂದು ಬೇರೆ ಸಾಲಿಲ್ಲ. ಏರಿಳಿಯುವ ಲಯಕ್ಕೂ ಪ್ರತ್ಯೇಕ ತೂಕವಿಲ್ಲ. ಒಂದು ಕಾಲಾವಧಿಯ ಸರಾಸರಿಯನ್ನಷ್ಟೇ ನೋಡಲಾಗುತ್ತದೆ.

ಕೇಂದ್ರ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2016ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸದ್ದಿನ ತೊಂದರೆ ತಗ್ಗಿಸಲು ಯಾವುದೇ ವಾಸದ ಮನೆಯಿಂದ 500 ಮೀಟರ್ ದೂರ ಕಾಯ್ದುಕೊಳ್ಳಬೇಕೆಂದು ಹೇಳಲಾಯಿತು. ಇದಕ್ಕೆ ಮುನ್ನ ಸ್ಥಾಪನೆಯಾದ ಯಂತ್ರಗಳು ಈ ಸೂಚನೆಯ ಕಾಲಕ್ಕೆ ಆಗಲೇ ನಿಂತಿದ್ದವು. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳು ಸೇರಿಲ್ಲ. ಹೀಗಾಗಿ ಆ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆ ಇವುಗಳಿಗೆ ಕಡ್ಡಾಯವಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪವನ ವಿದ್ಯುತ್ತನ್ನು ಮಾಲಿನ್ಯರಹಿತ 'ಬಿಳಿ' ವರ್ಗಕ್ಕೆ ಸೇರಿಸಿತು. ಹೊಗೆಯಿಲ್ಲ, ಬೂದಿಯಿಲ್ಲ ಎಂಬ ಅರ್ಥದಲ್ಲಿ ಇದು ಸರಿಯೇ. ಆದರೆ ಸದ್ದಿಗೆ ಬಣ್ಣವಿಲ್ಲವಾದ್ದರಿಂದ ಅದು ಈ ಎಣಿಕೆಯಲ್ಲಿ ಜಾರಿಹೋಯಿತು.

ದೂರಿನ ವಿಷಯದಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. 2000ದ ನಿಯಮಗಳ 7ನೆಯ ನಿಯಮದಂತೆ, ಸದ್ದು ನಿಗದಿತ ಮಟ್ಟವನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಾಗ ನಾಗರಿಕನು ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ವಸತಿ ಪ್ರದೇಶದ ಇರುಳಿಗೆ ಇದರ ಅರ್ಥ 55 ಡೆಸಿಬಲ್. ಮೇಲಿನ ನಮ್ಮ ಲೆಕ್ಕಕ್ಕೆ ಮರಳಿದರೆ, 500 ಮೀಟರ್ ದೂರದಲ್ಲಿ ನಾಲ್ಕು ಯಂತ್ರಗಳಿರುವ ಮನೆಗೆ ತಲುಪುವುದು ಸುಮಾರು 49 ಡೆಸಿಬಲ್. ಇದು ವಸತಿ ಪ್ರದೇಶದ ಇರುಳಿನ ಮಿತಿಯಾದ 45ನ್ನು ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನಂತೂ ಬಹಳ ಮೀರುತ್ತದೆ. ದೂರಿನ ಹೊಸ್ತಿಲನ್ನು ಮಾತ್ರ ತಲುಪುವುದಿಲ್ಲ. ದೂರದ ಸೂಚನೆಯನ್ನು ಪಾಲಿಸಿದ ಯಂತ್ರಗಳಿಂದಲೇ ಇಂತಹ ಸ್ಥಿತಿ ಉಂಟಾಗಬಹುದೆಂಬುದು ಯೋಚಿಸಬೇಕಾದ ಸಂಗತಿ.

ಪರಿಹಾರದ ದಾರಿಗಳು

ಈ ಸಮಸ್ಯೆಗೆ ತಾಂತ್ರಿಕ ಪರಿಹಾರಗಳಿವೆ. ರೆಕ್ಕೆಯ ಹಿಂಬದಿಯ ಅಂಚಿಗೆ ಗರಗಸದ ಹಲ್ಲಿನಂತಹ ಪಟ್ಟಿಗಳನ್ನು ಅಂಟಿಸಿದರೆ ಸದ್ದು 2ರಿಂದ 3 ಡೆಸಿಬಲ್ ತಗ್ಗುತ್ತದೆ. ಗೂಬೆಯ ರೆಕ್ಕೆಯ ಅಂಚಿನ ರಚನೆಯಿಂದ ಈ ಉಪಾಯಕ್ಕೆ ಪ್ರೇರಣೆ ದೊರೆಯಿತು. ಇರುಳಿನಲ್ಲಿ ರೆಕ್ಕೆಗಳ ವೇಗವನ್ನು ತಗ್ಗಿಸಿ ನಡೆಸುವ ವ್ಯವಸ್ಥೆ ಇಂದಿನ ಯಂತ್ರಗಳಲ್ಲಿದೆ. ಇದರಿಂದ ಉತ್ಪಾದನೆ ಸ್ವಲ್ಪ ಕುಗ್ಗುತ್ತದೆ. ಸವೆದ ಗೇರ್‌ಬಾಕ್ಸ್ ಹಾಗೂ ಹಾನಿಗೊಂಡ ರೆಕ್ಕೆಯನ್ನು ಕಾಲಕಾಲಕ್ಕೆ ದುರಸ್ತಿ ಮಾಡಿದರೂ ಸದ್ದು ಇಳಿಯುತ್ತದೆ. ಎಲ್ಲಕ್ಕಿಂತ ಉತ್ತಮವಾದುದು ಸ್ಥಳದ ಆಯ್ಕೆಯಲ್ಲಿಯೇ ಎಚ್ಚರ ವಹಿಸುವುದು. ಒಂದು ಯಂತ್ರದ ದೂರವನ್ನಷ್ಟೇ ನೋಡದೆ ಎಲ್ಲ ಯಂತ್ರಗಳ ಒಟ್ಟು ಸದ್ದನ್ನು, ಇರುಳಿನ ಗಾಳಿಯ ಆಧಾರದ ಮೇಲೆ, ಯಂತ್ರ ನಿಲ್ಲಿಸುವ ಮೊದಲೇ ಲೆಕ್ಕ ಹಾಕಬೇಕು.

ಇದಕ್ಕೆ ಈಗ ಅವಕಾಶವೂ ಒದಗಿದೆ. ಹಳೆಯ ಸಣ್ಣ ಯಂತ್ರಗಳನ್ನು ತೆಗೆದು ದೊಡ್ಡ ಯಂತ್ರಗಳನ್ನು ನಿಲ್ಲಿಸುವ ಕುರಿತು ಕೇಂದ್ರ ಸರ್ಕಾರ 2016ರಲ್ಲಿ ಮತ್ತು ಪರಿಷ್ಕೃತವಾಗಿ 2023ರಲ್ಲಿ ನೀತಿಗಳನ್ನು ಪ್ರಕಟಿಸಿದೆ. ಕರ್ನಾಟಕದ ಮೊದಲ ತಲೆಮಾರಿನ ಯಂತ್ರಗಳ ಆಯುಸ್ಸು ಮುಗಿಯುತ್ತ ಬಂದಿದೆ. ಹತ್ತು ಸಣ್ಣ ಯಂತ್ರಗಳ ಜಾಗದಲ್ಲಿ ಒಂದೆರಡು ದೊಡ್ಡವು ಬರುವಾಗ, ಮನೆಗಳಿಗೆ ಹತ್ತಿರವಿರುವ ಜಾಗಗಳನ್ನು ಬಿಟ್ಟುಕೊಡುವುದು ಸಾಧ್ಯವಿದೆ.

ಯಂತ್ರಗಳ ಸಮೀಪ ವಾಸಿಸುವವರು ಮಾಡಬಹುದಾದ ಕೆಲಸಗಳು ಇಂತಿವೆ. ಸದ್ದು ಕಾಡಿದ ದಿನಾಂಕ, ಗಂಟೆ, ಗಾಳಿಯ ದಿಕ್ಕು, ಸದ್ದಿನ ಬಗೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೊಬೈಲ್ ಫೋನಿನ ಅಳತೆ ಅಂದಾಜಿಗಷ್ಟೇ ಸಾಕು; ಅಧಿಕೃತ ಅಳತೆಗೆ ಮಾಪನಾಂಕ ಪರೀಕ್ಷೆಗೊಳಗಾದ ಉಪಕರಣವೇ ಬೇಕು. ಅಳತೆಯನ್ನು ಇರುಳಿನಲ್ಲಿ, ಯಂತ್ರ ತಿರುಗುವಾಗ ಮತ್ತು ನಿಂತಾಗ ಎರಡೂ ಸಲ ನಡೆಸುವಂತೆ ಕೋರಬೇಕು. ನಿಯಮದಡಿ ಪ್ರಾಧಿಕಾರವೆಂದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ, ನೇಮಿತ ಅಧಿಕಾರಿ. ಮನವಿಯ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಅಭಿವೃದ್ಧಿ ಕಾರ್ಯಗಳನ್ನು ಯೋಜಿಸುವಾಗ ಸದ್ದನ್ನೂ ಜೀವನದ ಗುಣಮಟ್ಟದ ಅಂಶವಾಗಿ ಪರಿಗಣಿಸಬೇಕೆಂದು ಅದೇ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳುತ್ತವೆ ಎಂಬುದನ್ನು ಮನವಿಯಲ್ಲಿ ನೆನಪಿಸಬಹುದು.

ಕಲ್ಲಿದ್ದಲಿನ ಹೊಗೆಗೆ ಹೋಲಿಸಿದರೆ ಗಾಳಿಯ ವಿದ್ಯುತ್ತು ಎಷ್ಟೋ ಮೇಲು. ಅದು ಬೇಡವೆನ್ನುವ ಸ್ಥಿತಿಯಲ್ಲಿ ನಾಡಿಲ್ಲ. ಆದರೆ ನಂದಿನಿ ಲೇಔಟ್‌ನ ನಿವಾಸಿ ತನ್ನ ಕಿಟಕಿಯ ಕೆಳಗಿನ ಜನರೇಟರ್‌ಗೆ ಕವಚ ಹಾಕಿಸಬೇಕೆಂದು ಕೇಳುವ ಹಕ್ಕನ್ನು ಹೊಂದಿರುವಂತೆಯೇ, ಆ ಜನರೇಟರ್ ಮೌನವಾಗಿರಲು ಬೇಕಾದ ವಿದ್ಯುತ್ತನ್ನು ಕಳುಹಿಸುವ ಊರಿನವರಿಗೂ ಇರುಳಿನ ನಿದ್ರೆಯ ಹಕ್ಕಿದೆ. ಅದಕ್ಕೆ ತಗಲುವುದು ಸ್ಥಳದ ಆಯ್ಕೆಯಲ್ಲಿ ಇನ್ನಷ್ಟು ದೂರ, ಉತ್ಪಾದನೆಯಲ್ಲಿ ಸ್ವಲ್ಪ ನಷ್ಟ ಮತ್ತು ಇರುಳಿನಲ್ಲಿ ಬಂದು ಅಳತೆ ಮಾಡುವಷ್ಟು ಕಾಳಜಿ.